ಪಿ0302 ಮತ್ತು ಪಿ0171 ಒಟ್ಟಿಗೆ ಬಂದಿವೆ: ಆಕ್ಸಿಜನ್ ಸೆನ್ಸರ್ ಬದಲಿಸಬೇಕೇ?

ಪ್ರಶ್ನೆ:
ನನ್ನದು ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು. ಚೆಕ್ ಎಂಜಿನ್ ದೀಪ ಹತ್ತಿಕೊಂಡಿದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಹಿಡಿದ ಕೈಗೆ ನಡುಕ ತಿಳಿಯುತ್ತದೆ, ಏರು ಹತ್ತುವಾಗ ಪಿಕಪ್ ಸಾಲುತ್ತಿಲ್ಲ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ, ಪಿ0302 ಮತ್ತು ಪಿ0171 ಎಂಬ ಎರಡು ಕೋಡ್‌ಗಳನ್ನು ಅಳಿಸಿಕೊಟ್ಟರು. ನಾಲ್ಕೇ ದಿನದಲ್ಲಿ ಎರಡೂ ಮರಳಿ ಬಂದವು. ಈಗ ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಎನ್ನುತ್ತಿದ್ದಾರೆ. ಈ ಕೋಡ್‌ಗಳ ಅರ್ಥವೇನೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ಸೆನ್ಸರ್ ಕೊಳ್ಳುವ ಮೊದಲು ದಯವಿಟ್ಟು ತಡೆಯಿರಿ. ಕೋಡ್ ಹೇಳುವುದು ಎಂಜಿನ್ನಿನ ಕಂಪ್ಯೂಟರಿಗೆ ಕಂಡ ಲಕ್ಷಣವನ್ನು ಮಾತ್ರ. ಯಾವ ಭಾಗ ಕೆಟ್ಟಿದೆ ಎಂಬುದನ್ನು ನಾವೇ ಹುಡುಕಬೇಕು. ಪಿ0302ರಲ್ಲಿ ‘ಪಿ’ ಅಕ್ಷರ ಎಂಜಿನ್ ಮತ್ತು ಗೇರ್‌ಬಾಕ್ಸ್ ವಿಭಾಗವನ್ನೂ, ಅದರ ಮುಂದಿನ ಸೊನ್ನೆ ಈ ಕೋಡಿಗೆ ಎಲ್ಲ ಕಂಪನಿಗಳ ಕಾರುಗಳಲ್ಲೂ ಒಂದೇ ಅರ್ಥವೆಂಬುದನ್ನೂ, 3 ಎಂಬ ಅಂಕಿ ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ಅಥವಾ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ತೊಂದರೆಯನ್ನೂ ಸೂಚಿಸುತ್ತವೆ. ಕೊನೆಯ 02 ಎಂದರೆ ಎರಡನೇ ಸಿಲಿಂಡರ್. ಪಿ0171 ಎಂದರೆ ಒಳಗೆ ಬರುತ್ತಿರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲವೆಂದು ಕಂಪ್ಯೂಟರ್ ಲೆಕ್ಕ ಹಾಕಿದೆ.

ನಿಮ್ಮ ಕಾರಿನಲ್ಲಿ ಈ ಎರಡನೆಯದು ಮೊದಲನೆಯದರಿಂದಲೇ ಹುಟ್ಟಿರುವ ಸಾಧ್ಯತೆ ಹೆಚ್ಚು. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ಹೋದಾಗ ಅಲ್ಲಿನ ಆಮ್ಲಜನಕ ಬಳಕೆಯಾಗದೆ ಹಾಗೆಯೇ ಹೊಗೆಕೊಳವೆಗೆ ಹೋಗುತ್ತದೆ. ಸೆನ್ಸರ್ ಆ ಆಮ್ಲಜನಕವನ್ನು ಅಳೆಯುತ್ತದೆಯೇ ಹೊರತು ಜೊತೆಯಲ್ಲೇ ಸುಡದೆ ಬಂದ ಪೆಟ್ರೋಲನ್ನು ಗುರುತಿಸುವುದಿಲ್ಲ, ಹಾಗಾಗಿ ಪೆಟ್ರೋಲ್ ಕಡಿಮೆಯಾಯಿತೆಂದೇ ತಿಳಿಸುತ್ತದೆ. ಅಂದರೆ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು.

ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇದ್ದರೆ, ಎಂಜಿನ್ ತಣ್ಣಗಾದ ಮೇಲೆ ಎರಡನೆಯದರ ಕಾಯಿಲನ್ನು ಮೂರನೆಯದರೊಂದಿಗೆ ಅದಲುಬದಲು ಮಾಡಿಸಿ, ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿ. ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಎಂದೇ ಉಳಿದರೆ ಸ್ಪಾರ್ಕ್ ಪ್ಲಗ್ ನೋಡಿಸಿ, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ: ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು, ಆದರೆ ಅದು ಮಿಟುಕತೊಡಗಿದರೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ. ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸಿಬಿಡಬಲ್ಲದು. ಮಿಸ್‌ಫೈರ್ ನಿಂತ ಮೇಲೂ ಪಿ0171 ಉಳಿದರೆ, ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಒಳಬರುವ) ಕಡೆಯ ರಬ್ಬರ್ ಪೈಪುಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಅದಲುಬದಲು ಮಾಡಿಸಿದ ಮರುದಿನವೇ ಕೋಡ್ ಪಿ0303 ಆಯಿತು. ಬಿಚ್ಚಿ ನೋಡಿದರೆ ಆ ಕಾಯಿಲಿನ ತುದಿಯ ರಬ್ಬರಿನ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಸುಟ್ಟ ಗೆರೆ ಕಾಣಿಸಿತು. ಹೊಸ ಕಾಯಿಲ್ ಹಾಕಿಸಿ ಎರಡು ವಾರ ಓಡಿಸಿದ್ದೇನೆ. ನಡುಕ ನಿಂತಿದೆ, ಪಿ0171 ಕೂಡ ಮರಳಿ ಬಂದಿಲ್ಲ. ಸೆನ್ಸರ್ ಹಳೆಯದೇ ಇದೆ.