ಪದಚರ್ಚೆ: ಹಾರ್ನಿನ ‘ಬೆಲ್’, ಹಿತ್ತಾಳೆಯ ‘ಹದ’

ಗೆಳೆಯರೇ,

ಮಕ್ಕಳಿಗಾಗಿ ಬರೆದ ವಾದ್ಯಗಳ ಪುಸ್ತಕವೊಂದರ ಕರಡು ತಿದ್ದುತ್ತಿದ್ದೇನೆ. ಗದಗಿನ ಪ್ರೆಸ್ಸಿನವರು ಅವಸರ ಮಾಡುತ್ತಿದ್ದಾರೆ. ಸುರುಳಿ ಸುತ್ತಿದ ಹಿತ್ತಾಳೆ ಕೊಳವೆಯ ಊದುವ ವಾದ್ಯ ಫ್ರೆಂಚ್ ಹಾರ್ನ್, ಅದರ ಪಾಠದಲ್ಲಿ ಹೀಗೊಂದು ಸಾಲಿದೆ: ‘ಬಲಗೈಯನ್ನು ಗಂಟೆಯೊಳಗೆ ಇಟ್ಟು ನುಡಿಸಬೇಕು.’ ಧಾರವಾಡದಲ್ಲಿ ಯಾರಿಗಾದರೂ ಇದನ್ನು ಓದಿ ಹೇಳಿ. ‘ಎಷ್ಟು ಗಂಟೆಯೊಳಗೆ?’ ಅಂತ ಕೇಳುತ್ತಾರೆ.

ಹಾರ್ನಿನ ತುದಿಯಲ್ಲಿ ಅಗಲವಾಗಿ ಅರಳಿಕೊಂಡಿರುವ ಭಾಗವೇ ಬೆಲ್. ಬಾಯಗಲ ಸುಮಾರು 30 ಸೆಂಟಿಮೀಟರ್. ಅದನ್ನು ‘ಗಂಟೆ’ ಅನ್ನಬಾರದು ಅನ್ನುವುದಕ್ಕೆ ಹೊತ್ತಿನ ಗೊಂದಲ ಒಂದೇ ಕಾರಣವಲ್ಲ. ಗಂಟೆಯನ್ನು ಎರಕ ಹೊಯ್ಯುತ್ತಾರೆ. ಹೊಡೆದರೆ ಲೋಹವೇ ಮೊಳಗುತ್ತದೆ. ಹಾರ್ನಿನ ಬೆಲ್ ಹಾಗಲ್ಲ. ಅದು ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ ಹಿತ್ತಾಳೆ ತಗಡು. ಅಲ್ಲಿ ದನಿ ಏಳುವುದು ಕೊಳವೆಯೊಳಗಿನ ಗಾಳಿಯಿಂದ. ಎಫ್ ಶ್ರುತಿಯ ಹಾರ್ನಿನ ಸುರುಳಿ ಬಿಚ್ಚಿದರೆ ಆ ಕೊಳವೆ ಸುಮಾರು 3.7 ಮೀಟರ್ ಆಗುತ್ತದೆ. ತುದಿಗೆ ಬಂದ ಅಲೆಯಲ್ಲಿ ತಗ್ಗು ಶ್ರುತಿಯ ಅಂಶಗಳನ್ನು ಬೆಲ್ ಬಹುಪಾಲು ಒಳಕ್ಕೇ ತಿರುಗಿಸುತ್ತದೆ, ಎತ್ತರದವನ್ನು ಹೊರಗೆ ಬಿಡುತ್ತದೆ. ಹೀಗೆ ತಿರುಗಿ ಬಂದ ಅಲೆ ಇದೆಯಲ್ಲ, ಅದರ ಬಲದಿಂದಲೇ ಸ್ವರ ನಿಲ್ಲುತ್ತದೆ. ‘ಗಂಟೆ’ ಎಂದು ಬರೆದರೆ ಮಗು ಇದನ್ನೆಲ್ಲ ತಲೆಕೆಳಗಾಗಿ ತಿಳಿದುಕೊಳ್ಳುತ್ತದೆ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಬಾಯಿ’ ಅಂದರೆ ಊದುವ ಕಡೆಯೋ, ಅರಳಿದ ಕಡೆಯೋ ಗೊತ್ತಾಗುವುದಿಲ್ಲ. ನಾಗಸ್ವರದವರ ‘ಅಣಸು’ ಒಳ್ಳೆಯ ಪದ, ಆದರೆ ಸನಾದಿ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಪರಿಚಯ ಕಡಿಮೆ. ‘ಅರಳು’ ಅಂತ ನಾಮಪದ ಮಾಡಿದರೆ ಪಂಚಮಿ ಹಬ್ಬ ನೆನಪಾಗುತ್ತದೆ. ಹುಬ್ಬಳ್ಳಿಯ ಮದುವೆ ಬ್ಯಾಂಡಿನವರು ತುತ್ತೂರಿ ಒರೆಸುತ್ತಾ ಸುಮ್ನೆ ‘ಬೆಲ್’ ಅಂತಾರೆ. ನನ್ನ ಮತವೂ ಅದಕ್ಕೇ. ಹೆಸರು ‘ಬೆಲ್’ ಇರಲಿ, ‘ಅರಳು’ ಕ್ರಿಯಾಪದವಾಗಿ ಜೊತೆಗಿರಲಿ.

ನನಗೆ ನಿಜಕ್ಕೂ ತೊಡಕಾಗಿರುವುದು ಕೆಲಸದ ಪದಗಳು.

ಬೆಲ್ ಮಾಡಲು ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ದುಂಡನೆಯ ತಗಡನ್ನು ಲೇತಿನ ಅಚ್ಚಿಗೆ ಒತ್ತಿ ತಿರುಗಿಸುತ್ತಾ ಅರಳಿದ ಭಾಗ ತೆಗೆಯುತ್ತಾರೆ. ಬಾಲದ ಕೊಳವೆಯನ್ನು ಬೇರೆ ಮಾಡಿ ಸುತ್ತಲೂ ಬೆಸೆಯುತ್ತಾರೆ. ಇದು ಬೇಗ ಆಗುತ್ತದೆ, ಖರ್ಚೂ ಕಡಿಮೆ. ಇನ್ನೊಂದು ಹಳೆಯ ಕೈಕೆಲಸ. ಒಂದೇ ಹಾಳೆಯನ್ನು ಅಳತೆಗೆ ಕತ್ತರಿಸಿ, ಸುರುಳಿ ಮಾಡಿ, ಉದ್ದಕ್ಕೆ ಬೆಸುಗೆ ಹಾಕುತ್ತಾರೆ. ತುದಿ ಅಷ್ಟು ಅಗಲಕ್ಕೆ ಅರಳಬೇಕಲ್ಲ, ಹಾಳೆ ಸಾಲುವುದಿಲ್ಲ. ಆಗ ಅಂಗಿಯ ಬಗಲಿಗೆ ತುಂಡು ಹಚ್ಚುವ ಹಾಗೆ ಮೂರು ಮೂಲೆಯ ಒಂದು ಹಿತ್ತಾಳೆ ತುಂಡನ್ನು ಸೇರಿಸುತ್ತಾರೆ. ಕರಡಿನಲ್ಲಿ ಇದಕ್ಕೆ ‘ತೇಪೆ’ ಎಂದಿದೆ. ತೇಪೆ ಹಾಕುವುದು ಹರಿದದ್ದಕ್ಕೆ ಅಲ್ವಾ? ಇಲ್ಲಿ ಏನೂ ಹರಿದಿಲ್ಲ. ಸದ್ಯಕ್ಕೆ ‘ಬೆಣೆತುಂಡು’ ಎಂದು ತಿದ್ದಿದ್ದೇನೆ.

ಆಮೇಲೆ ಸುತ್ತಿಗೆ ಕೆಲಸ. ಇಲ್ಲಿ ನಮ್ಮ ‘ಹಣಿ’ ಚೆನ್ನಾಗಿ ಹೊಂದುತ್ತದೆ. ಕುಡಗೋಲು ಹಣಿಸಿಕೊಂಡು ಬಾ ಅನ್ನುತ್ತೇವಲ್ಲ, ಅದೇ. ‘ಕೈಯಲ್ಲಿ ಹಣಿದ ಬೆಲ್’ ಅಂದರೆ ಹಾವೇರಿಯ ಹುಡುಗನಿಗೂ ಅರ್ಥವಾಗುತ್ತದೆ. ಹಣಿದಷ್ಟೂ ಹಿತ್ತಾಳೆ ಬಿರುಸಾಗುತ್ತದೆ. ಇನ್ನೂ ಹಣಿದರೆ ಸೀಳುತ್ತದೆ. ಅದಕ್ಕೇ ನಡುನಡುವೆ ಮಂಕು ಕೆಂಪು ಬರುವವರೆಗೆ ಕಾಸಿ ಮೆತ್ತಗೆ ಮಾಡುತ್ತಾರೆ, ಮತ್ತೆ ಹಣಿಯುತ್ತಾರೆ. ಕೊನೆಗೆ ಅಚ್ಚಿನ ಮೇಲೆ ನುಣುಪು ಮಾಡಿ, ಅಂಚಿನೊಳಗೆ ತಂತಿ ಇಟ್ಟು ಮಡಚುತ್ತಾರೆ.

ಈ ಕಾಸಿ ಮೆತ್ತಗೆ ಮಾಡುವುದಕ್ಕೆ ಕರಡು ‘ಹದ ಹಾಕುವುದು’ ಎನ್ನುತ್ತದೆ. ನನ್ನ ದೊಡ್ಡ ಜಗಳ ಇದರ ಜೊತೆಗೇ. ಕಮ್ಮಾರ ಕೊಡಲಿಗೆ ಹದ ಹಾಕುವುದು ಅಲಗು ಗಟ್ಟಿಯಾಗಲಿ ಅಂತ. ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಹಿತ್ತಾಳೆಯನ್ನು ಹಾಗೇ ಕಾಸಿ ನೀರಿಗೆ ಅದ್ದಿ, ಅದು ಮೆತ್ತಗೇ ಇರುತ್ತದೆ. ಅದನ್ನು ಮತ್ತೆ ಬಿರುಸು ಮಾಡಲು ಹಣಿಯಬೇಕು, ಇಲ್ಲವೇ ಒತ್ತಬೇಕು. ಅಂದರೆ ‘ಹದ’ ಓದಿದ ರೈತರ ಮನೆಯ ಮಗು ಬೆಲ್ಲನ್ನು ಗಟ್ಟಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತದೆ. ನಡೆಯುತ್ತಿರುವುದು ಅದರ ಉಲ್ಟಾ. ಭೂಮಿ ಹದ, ಪಾಕದ ಹದ, ಎಲ್ಲಕ್ಕೂ ಒಗ್ಗುವ ಪದ ಇದು, ಒಪ್ಪುತ್ತೇನೆ. ಇಲ್ಲಿ ಮಾತ್ರ ಬೇಡ.

ಇಷ್ಟು ತಕರಾರು ಯಾಕೆಂದರೆ ಮುಂದಿನ ಪುಟದ ವಿವರಣೆ ಪೂರಾ ಈ ಮೆತ್ತಗೆ-ಬಿರುಸಿನ ಮೇಲೆ ನಿಂತಿದೆ. ಕಾಸಿದ ಬೆಲ್ಲಿನ ದನಿ ಬೇರೆ, ಬಿರುಸು ಉಳಿಸಿಕೊಂಡ ಬೆಲ್ಲಿನದು ಬೇರೆ ಎಂದು ನುಡಿಸುವವರು ಹೇಳುತ್ತಾರೆ. ಲೋಹದ ಬಗ್ಗೆಯೂ ಹಾಗೇ. 70 ಪಾಲು ತಾಮ್ರ, 30 ಪಾಲು ಸತುವಿನ ಹಳದಿ ಹಿತ್ತಾಳೆ ಒಂದು ಥರ, ತಾಮ್ರ 85 ಪಾಲಿರುವ ಚಿನ್ನದ ಬಣ್ಣದ ಹಿತ್ತಾಳೆ ಇನ್ನೊಂದು ಥರ ಎನ್ನುತ್ತಾರೆ. ಆದರೆ ಇಂಗ್ಲೆಂಡಿನ ವಾದ್ಯ ತಯಾರಕ ರಿಚರ್ಡ್ ಸ್ಮಿತ್ ಟ್ರೊಂಬೋನ್ ಎಂಬ ಇನ್ನೊಂದು ಹಿತ್ತಾಳೆ ವಾದ್ಯದ ಬೇರೆ ಬೇರೆ ದಪ್ಪದ ಬೆಲ್‌ಗಳನ್ನು ಪಳಗಿದ ವಾದಕರ ಕಣ್ಣಿಗೆ ಮರೆಮಾಡಿ ಅವರ ಕೈಯಿಂದಲೇ ನುಡಿಸಿ ನೋಡಿದಾಗ, ಯಾವುದು ಯಾವುದೆಂದು ಅವರಿಗೆ ಗುರುತು ಸಿಗಲಿಲ್ಲ. ಬೆಲ್ಲಿನ ಗೋಡೆ ನಡುಗುವುದು ನಿಜ, ದನಿಯ ಮೇಲೆ ಅದರ ಪರಿಣಾಮ ಚಿಕ್ಕದು. ದೊಡ್ಡ ಪಾಲು ಆಕಾರದ್ದು. ಅದರಲ್ಲೂ ಅರಳುವ ಮುಂಚಿನ ಭಾಗದ್ದು. ಅದಕ್ಕೆ ‘ಗಂಟಲು’ ಅನ್ನೋದೇ ಸರಿ. ಜರ್ಮನಿಯ ಎರ್ಫರ್ಟಿನ ಕ್ರುಸ್ಪೆ ಮಾದರಿಯ ಹಾರ್ನ್‌ಗಳಿಗೆ ಸಾಮಾನ್ಯವಾಗಿ ಗಂಟಲು ಅಗಲ, ಶಿಕಾಗೋದ ಕಾರ್ಲ್ ಗೇಯರ್ ಮಾದರಿಯವಕ್ಕೆ ಅದಕ್ಕಿಂತ ಕಿರಿದು. ಅಲ್ಲಿ ಕೈ ಇಟ್ಟರೆ ದನಿಯೂ ಸ್ವರದ ಎತ್ತರವೂ ಬದಲಾಗುತ್ತವೆ. ಲೇಖಕರು ಲೋಹಕ್ಕೆ ಎರಡು ಪುಟ, ಆಕಾರಕ್ಕೆ ನಾಲ್ಕು ಸಾಲು ಕೊಟ್ಟಿದ್ದಾರೆ. ಅದನ್ನು ಅವರಿಗೇ ಬರೆದು ತಿಳಿಸಿದ್ದೇನೆ.

ಇನ್ನೊಂದು. ಕೆಲವು ಬೆಲ್‌ಗಳು ನಿಕ್ಕಲ್ ಸಿಲ್ವರ್‌ನವು, ಕಾನ್ ಕಂಪನಿಯ 8ಡಿ ಹಾರ್ನಿನದು ಹಾಗೆ. ತಾಮ್ರ, ನಿಕ್ಕಲ್, ಸತು ಸೇರಿದ್ದು, ಬೆಳ್ಳಿ ಚೂರೂ ಇಲ್ಲ. ಕರಡಿನಲ್ಲಿ ‘ಜರ್ಮನ್ ಲೋಹ’ ಎಂದಿದೆ. ನಮ್ಮಲ್ಲಿ ಜರ್ಮನ್ ಪಾತ್ರೆ ಅಂದರೆ ಅಲ್ಯುಮಿನಿಯಂ! ಹಾಗಾಗಿ ‘ನಿಕ್ಕಲ್ ಹಿತ್ತಾಳೆ’ ಎಂದು ಬರೆದಿದ್ದೇನೆ.

ನನಗೆ ಬೇಕಾಗಿರುವುದು ಎರಡು ಪದ. ಹಿತ್ತಾಳೆ, ತಾಮ್ರ ಕಾಸಿ ಮೆತ್ತಗೆ ಮಾಡುವುದಕ್ಕೆ ಕಂಚುಗಾರರು, ತಾಂಬಟಗಾರರು ಏನನ್ನುತ್ತಾರೆ? ಕೊಡ ಮಾಡುವಾಗ ನಡುವೆ ಸೇರಿಸುವ ತುಂಡಿಗೆ ಬೇರೆ ಹೆಸರಿದೆಯೇ? ನಿಘಂಟಿನ ಪದ ಬೇಡ, ಅಂಗಡಿಯಲ್ಲಿ ಕೇಳಿದ್ದು ಬೇಕು. ಯಾವ ಊರಿನಲ್ಲಿ ಕೇಳಿದ್ದು ಅನ್ನುವುದನ್ನೂ ಬರೆಯಿರಿ. ಗದಗ-ಬೆಟಗೇರಿಯ ಪದವೂ ಹಾನಗಲ್ಲಿನ ಪದವೂ ಬೇರೆಯಾಗಿದ್ದರೆ ಎರಡನ್ನೂ ಪುಸ್ತಕದಲ್ಲಿ ಹಾಕಿಸುತ್ತೇನೆ.