ಫ್ಯಾನ್ ಫಿಕ್ಷನ್ ಬರೆದಾಯ್ತು, ಈಗ ಅದರ ಸ್ಟಿಕ್ಕರ್ ಮಾರಬಹುದಾ?

ಮಳೆಹುಡುಗಿ:
ಹ್ಯಾರಿ ಪಾಟರ್ ಪಾತ್ರಗಳನ್ನಿಟ್ಟುಕೊಂಡು ಕನ್ನಡದಲ್ಲಿ ಕಥೆ ಬರೆಯುತ್ತಿದ್ದೇನೆ. ಹರ್ಮಯೋನಿ ಆಗುಂಬೆಗೆ ಬಂದು ನಾಟಿ ಔಷಧ ಕಲಿಯುವ ಕಥೆ. ಅಭಿಮಾನಿಗಳು ಬರೆಯುವ ಇಂಥ ಕಥೆಗಳ (ಫ್ಯಾನ್ ಫಿಕ್ಷನ್) ವೆಬ್‌ಸೈಟ್ ಎಒ3ಯಲ್ಲಿ ಹಾಕಿದ್ದೇನೆ. ಕಾಲೇಜ್ ಫೆಸ್ಟ್‌ಗೆ ಅದರ ಸ್ಟಿಕ್ಕರ್ ಮಾಡಿ ಮಾರೋಣ ಅಂತ ಗೆಳತಿಯರು ಹಿಂದೆ ಬಿದ್ದಿದ್ದಾರೆ. ನಮ್ಮಣ್ಣ ಮಾತ್ರ, ಬರೆದಿದ್ದೇ ಕಳ್ಳತನ, ಇನ್ನು ಮಾರೋದು ಬೇರೆ ಕೇಡು ಅಂತಾನೆ. ನಿಮಗೇನನ್ನಿಸುತ್ತದೆ?

ಗಮಕಪ್ರಿಯ:
ಕಳ್ಳತನ ಹೇಗಾಗುತ್ತದೆ? 10ನೇ ಶತಮಾನದಲ್ಲೇ ಪಂಪ ವ್ಯಾಸರ ಅರ್ಜುನನನ್ನು ತನ್ನ ದೊರೆ ಅರಿಕೇಸರಿಗೆ ಹೋಲಿಸಿ ಬರೆದ. ಇದು ನಮ್ಮ ಹಳೆಯ ರೂಢಿ. ಬರೆಯಿರಿ, ಮಾರಿ.

ದಾವಣಗೆರೆ ಸ್ಟಿಕ್ಕರ್:
ವ್ಯಾಸರ ವಿಷಯ ಬೇರೆ ಸರ್. ಹ್ಯಾರಿ ಪಾಟರ್ ಬರೆದ ರೌಲಿಂಗ್ ಇನ್ನೂ ಇದ್ದಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಫ್ಯಾನ್ ಫಿಕ್ಷನ್‌ಗೆ ಅಂತ ಬೇರೆ ವಿನಾಯಿತಿ ಇಲ್ಲ.

ಹಾಗಂತ ತಂಗಿ, ನಿಮ್ಮಣ್ಣನ ಮಾತನ್ನೂ ನಾನು ಒಪ್ಪುವುದಿಲ್ಲ. ದುಡ್ಡಿಗಲ್ಲದೆ ಬರೆದರೆ ಅಭ್ಯಂತರವಿಲ್ಲ ಅಂತ ರೌಲಿಂಗ್ ಕಡೆಯವರು 2004ರಲ್ಲೇ ಹೇಳಿದ್ದಾರೆ. ಎಒ3ಯೂ ದೇಣಿಗೆಯಲ್ಲೇ ನಡೆಯುತ್ತದೆ, ಜಾಹೀರಾತಿಲ್ಲ. ಅಲ್ಲಿ ಕಥೆಯ ಕೆಳಗೆ ಸ್ಟಿಕ್ಕರ್ ಮಾರಾಟದ ಲಿಂಕ್ ಹಾಕಬೇಡಿ, ನಿಯಮಕ್ಕೆ ವಿರುದ್ಧ.

ನಾನು ಸ್ಟಿಕ್ಕರ್ ಕಟಿಂಗ್ ಮಾಡುವವನು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದ ಮೇಲೆ ಆಟೋ, ಬೈಕ್, ಟ್ರ್ಯಾಕ್ಟರ್ ಎಲ್ಲದಕ್ಕೂ ಅವರ ಮುಖ ಕತ್ತರಿಸಿ ಕೊಟ್ಟಿದ್ದೇನೆ. ಕೂದಲು, ಹುಬ್ಬು, ನಗುವಿನ ಗೆರೆ ಇಷ್ಟನ್ನೇ ಉಳಿಸಿ, ಮಿಕ್ಕ ವಿನೈಲ್ ಹಾಳೆಯನ್ನು ಚಿಮುಟದಲ್ಲಿ ಮೆಲ್ಲಗೆ ಎಳೆಯಬೇಕು. ಕೆನ್ನೆಯ ಗೆರೆ ಸ್ವಲ್ಪ ಆಚೀಚೆ ಆದರೂ ಅದು ಅಪ್ಪು ಅಲ್ಲ, ಬೇರೆ ಯಾರೋ. ಕೊಂಡವರೂ ಪ್ರೀತಿಯಿಂದ ಕೊಂಡರು, ನಾನೂ ಪ್ರೀತಿಯಿಂದ ಮಾಡಿದೆ. ಅದನ್ನು ಕಳ್ಳತನ ಅಂದರೆ ನೋವಾಗುತ್ತದೆ. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಅದೂ ನಿಜ. ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ ಹಾಡುವ ಗೊಂಬೆ ಮಾರುತ್ತಿದ್ದವರನ್ನು 2010ರಲ್ಲಿ ದೆಹಲಿ ಹೈಕೋರ್ಟ್ ತಡೆಯಿತು.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಯಾರೋ ಹುಡುಗ ರಾತ್ರಿಯೆಲ್ಲ ಕೂತು ಬಿಡಿಸಿದ ಚಿತ್ರವನ್ನು ಇನ್‌ಸ್ಟಾದಿಂದ ಎತ್ತುತ್ತಾರೆ. ಮೂಲೆಯ ಸಹಿ ಅಳಿಸಿ ಟೀ ಶರ್ಟ್ ಮೇಲೆ ಹಾಕಿ ಮಾರುತ್ತಾರೆ. ನನ್ನ ಡಿಸೈನ್‌ಗೂ ಹೀಗೇ ಆಯ್ತು. ಅಭಿಮಾನಿಯ ಕೈಕೆಲಸಕ್ಕೂ ಬೆಲೆ ಇದೆ ಅಲ್ವಾ? ಹಾಗಾಗಿ ಗೂಗಲ್‌ನಲ್ಲಿ ಸಿಕ್ಕ ಚಿತ್ರ ಪ್ರಿಂಟ್ ಹಾಕಿಸಬೇಡಿ. ಹ್ಯಾರಿ ಪಾಟರ್ ಹೆಸರು, ಹಾಗ್ವಾರ್ಟ್ಸ್ ಲಾಂಛನ ವಾರ್ನರ್ ಬ್ರದರ್ಸ್‌ನವರ ಟ್ರೇಡ್‌ಮಾರ್ಕ್, ಅವನ್ನೂ ಮುಟ್ಟಬೇಡಿ. ಆ ಕಥೆಯಲ್ಲಿ ಪೂರ್ತಿ ನಿಮ್ಮದೇ ಅನ್ನುವಂಥದ್ದು ಏನಿದೆ, ಅದನ್ನು ಬಿಡಿಸಿ ಮಾರಿ.

ಮಳೆಹುಡುಗಿ:
ಹರ್ಮಯೋನಿಗೆ ಔಷಧ ಕಲಿಸುವ ಅಜ್ಜಿ ಇದ್ದಾಳೆ. ಕಂಬಳಿ ಕೊಪ್ಪೆ ಹೊದ್ದು ಬೇರು ಅಗೆಯುತ್ತಾಳೆ. ಅವಳು ಪೂರ್ತಿ ನನ್ನವಳು! ಓದುವವರಿಗೂ ಅವಳೇ ಇಷ್ಟ. ಅವಳದ್ದೇ ಸ್ಟಿಕ್ಕರ್ ಮಾಡುತ್ತೇನೆ. ಫೈಲ್ ಹೇಗೆ ಕೊಡಬೇಕು ಅಣ್ಣಾ?

ದಾವಣಗೆರೆ ಸ್ಟಿಕ್ಕರ್:
ಕೋರೆಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಮಾಡಿದ ಫೈಲ್ ಕೊಡಿ. ಕಂಬಳಿಯ ಎಳೆ ತೀರಾ ಸಣ್ಣಗೆ ಬಿಡಿಸಬೇಡಿ, ಕತ್ತರಿಸುವಾಗ ಕಿತ್ತು ಬರುತ್ತದೆ. ಮೂಲೆಯಲ್ಲಿ ನಿಮ್ಮ ಹೆಸರು ಮಾತ್ರ ಮರೆಯದೆ ಹಾಕಿ.