ಪದ ಬೇಕು (ತುರ್ತು): ಲಾರಿ ಎಂಜಿನ್ನಿನ ‘ಫ್ರೀಜ್ ಪ್ಲಗ್’

ದಾವಣಗೆರೆಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಳೆ ಲಾರಿ ಕೊಳ್ಳುವವರಿಗೆ ಒಂದು ತಪಾಸಣೆ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಓದುವವರು ಡ್ರೈವರ್‌ಗಳು, ಮೊದಲ ಸಲ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವ ಸಣ್ಣ ಮಾಲೀಕರು. ಮೂಲ ಪಟ್ಟಿ ಅಮೆರಿಕದ್ದು. ಅದನ್ನು ನಮ್ಮ ಟಾಟಾ 1210ಕ್ಕೆ ಹೊಂದಿಸುತ್ತಿದ್ದೇನೆ.

ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ‘ಫ್ರೀಜ್ ಪ್ಲಗ್’. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಸಾಲಾಗಿ ಕಾಣುವ ದುಂಡನೆ ತಗಡಿನ ಮುಚ್ಚಳ. ನಟ್ಟು ಬೋಲ್ಟು ಏನೂ ಇರುವುದಿಲ್ಲ, ಸುಮ್ನೆ ತೂತಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ನಿಘಂಟು ನೋಡಿ ಬರೆದರೆ ‘ಹೆಪ್ಪುಗಟ್ಟುವ ಬಿರಡೆ’ ಆಗುತ್ತದೆ. ಮೊಸರಿನ ಗಡಿಗೆ ನೆನಪಾಗುತ್ತದೆ, ಅಲ್ವಾ?

ಇನ್ನೊಂದು, ‘ಮಿಸ್ಸಿಂಗ್’ ಅನ್ನುವ ಕಾಲಂ. ಡಿಪ್‌ಸ್ಟಿಕ್, ರೇಡಿಯೇಟರ್ ಮುಚ್ಚಳ, ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ಕವಾಟ) ಹೀಗೆ ಒಂದೊಂದರ ಮುಂದೆ ಗುರುತು ಹಾಕುವ ಜಾಗ. ತಲೆಬರಹ ಏನು ಕೊಡಲಿ?

ಮೈಸೂರಿನಿಂದ:

‘ಬಿರಡೆ’ ಒಳ್ಳೆಯ ಪದ. ಶೀಶೆಗೂ ಇದೆ, ವೀಣೆಗೂ ಇದೆ. ಎಂಜಿನ್ನಿಗೆ ಯಾಕೆ ಆಗಬಾರದು? ‘ಶೀತರೋಧಕ ಬಿರಡೆ’ ಎಂದು ಹಾಕಿ. ಕಾಲಮ್ಮಿಗೆ ‘ಕಾಣೆಯಾದ ಭಾಗಗಳು’ ಸಾಕು. ‘ಪ್ಲಗ್’ ಅಂತ ಮಾತ್ರ ಬಿಡಬೇಡಿ, ಹಾಗೆ ಬಿಟ್ಟು ಬಿಟ್ಟೇ ಭಾಷೆ ಈ ಗತಿಗೆ ಬಂದಿದೆ.

ಹುಬ್ಬಳ್ಳಿಯಿಂದ:

ಶೀತರೋಧಕ ತಪ್ಪು. ಆ ಭಾಗಕ್ಕೂ ಚಳಿಗೂ ಸಂಬಂಧ ಇಲ್ಲ.

ಬ್ಲಾಕು ಎರಕದ ಕಬ್ಬಿಣ. ಒಳಗೆ ಸಿಲಿಂಡರ್ ಸುತ್ತ ನೀರು ಓಡಾಡಲು ಜಾಗ ಬೇಕು. ಅದಕ್ಕೆ ಎರಕ ಹೊಯ್ಯುವಾಗ ಆ ಜಾಗದಲ್ಲಿ ಮರಳಿನ ಅಚ್ಚು ಇಡುತ್ತಾರೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಕೇಳಿ, ‘ಕೋರ್’ ಅಂತಾರೆ. ಕಬ್ಬಿಣ ಆರಿದ ಮೇಲೆ ಆ ಮರಳನ್ನು ಹೊರಗೆ ಸುರಿಯಲು ತೂತು ಬೇಕಲ್ಲ, ಅದೇ ಈ ತೂತು. ಆಮೇಲೆ ತಗಡು ಬಡಿದು ಮುಚ್ಚುತ್ತಾರೆ. ಹಿಮ ಬೀಳುವ ದೇಶದಲ್ಲಿ ಒಳಗಿನ ನೀರು ಗಡ್ಡೆಕಟ್ಟಿದಾಗ ಕೆಲವೊಮ್ಮೆ ಈ ತಗಡು ಹೊರಗೆ ಹಾರುತ್ತದೆ, ಅದನ್ನು ನೋಡಿ ಅಮೆರಿಕದವರು ಆ ಹೆಸರಿಟ್ಟರು. ಇಂಗ್ಲೆಂಡಿನವರು ‘ಕೋರ್ ಪ್ಲಗ್’ ಅನ್ನುತ್ತಾರೆ, ಅದು ಸರಿಯಾದ ಹೆಸರು. ‘ವೆಲ್ಚ್ ಪ್ಲಗ್’ ಅಂತ ಇನ್ನೊಂದಿದೆ. ವೆಲ್ಚ್ ಅಮೆರಿಕದ ಒಂದು ಹಳೆ ಕಾರು ಕಂಪನಿಯ ಹೆಸರು. ಆ ತಗಡು ಸ್ವಲ್ಪ ಉಬ್ಬಿರುತ್ತದೆ. ನಡುವೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಚಪ್ಪಟೆಯಾಗಿ ಅಂಚು ಹಿಗ್ಗಿ ತೂತಿಗೆ ಕಚ್ಚಿಕೊಳ್ಳುತ್ತದೆ.

ನಮ್ಮ ಕಡೆ ಗ್ಯಾರೇಜಿನಲ್ಲಿ ‘ಡಮ್ಮಿ’ ಅಂತಾರೆ. ಮುಚ್ಚಿಟ್ಟ ತೂತು ಯಾವುದಿದ್ದರೂ ಡಮ್ಮಿ. ಅದನ್ನೇ ಹಾಕಿ. ‘ಕಾಣೆಯಾಗಿದೆ’ ಅಂತ ಬರೆದರೆ ಥರ್ಮೋಸ್ಟ್ಯಾಟಿನ ಫೋಟೋ ಹಿಡಿದು ಸ್ಟೇಷನ್ನಿಗೆ ಹೋಗಬೇಕಾದೀತು. ‘ಇದೆ / ಇಲ್ಲ’ ಸಾಲದೇ?

ಮೈಸೂರಿನಿಂದ:

ವಿವರಣೆಗೆ ವಂದನೆ. ಹಾಗಿದ್ದರೆ ‘ಎರಕದ ಬಿರಡೆ’. ‘ಡಮ್ಮಿ’ ಕನ್ನಡವಲ್ಲ, ಚರ್ಚೆ ಬೇಡ.

ಪುತ್ತೂರಿನಿಂದ:

ಬಿರಡೆ ಅಂದರೆ ತಿರುಪಿ ತೆಗೆಯುವಂಥದ್ದು, ಉದ್ದಕ್ಕೆ ಇರುವಂಥದ್ದು. ಇದು ಚಪ್ಪಟೆ. ಇದಕ್ಕೆ ‘ಬಿಲ್ಲೆ’ ಇದೆಯಲ್ಲ ಮಾರಾಯ್ರೆ! ಕುಂಟೆಬಿಲ್ಲೆಯ ಬಿಲ್ಲೆ. ದುಂಡಗೆ, ತೆಳ್ಳಗೆ, ಅಂಗೈಯಲ್ಲಿ ಹಿಡಿಯುವಷ್ಟು. ‘ಬ್ಲಾಕಿನ ಬಿಲ್ಲೆ’ ಎಂದರೆ ಡ್ರೈವರ್ ನೋಡಿದ ಕೂಡಲೇ ಗುರುತಿಸುತ್ತಾನೆ.

ಮೈಸೂರಿನಿಂದ:

ಬಿಲ್ಲೆ ಹಿಂದಿಯ ‘ಬಿಲ್ಲಾ’. ಜವಾನರ ಎದೆಯ ಮೇಲಿನದು. ಇಂಗ್ಲಿಷ್ ಬಿಟ್ಟು ಹಿಂದಿ ಹಿಡಿದಂತಾಯಿತು.

ಪುತ್ತೂರಿನಿಂದ:

ಅಲ್ಲವೇ ಅಲ್ಲ. ತಮಿಳಿನಲ್ಲಿ ‘ವಿಲ್ಲೈ’ ಇದೆ, ದುಂಡು ಬಿಲ್ಲೆ ಎಂಬ ಅರ್ಥದಲ್ಲೇ. ಈಗ ಮಸೂರಕ್ಕೂ (ಲೆನ್ಸ್) ಅದನ್ನೇ ಬಳಸುತ್ತಾರೆ. ತಮಿಳಿನ ವಕಾರ ನಮ್ಮಲ್ಲಿ ಬಕಾರ: ವಾಯ್–ಬಾಯಿ, ವೇರ್–ಬೇರು, ವಿಲ್–ಬಿಲ್ಲು. ಕೊನೆಯ ಐಕಾರ ಎಕಾರ: ತಲೈ–ತಲೆ, ಮಲೈ–ಮಲೆ. ವಿಲ್ಲೈ–ಬಿಲ್ಲೆ ಇನ್ನೇನು? ತೆಲುಗಿನಲ್ಲಿ ಮಾತ್ರೆಗೆ ಬಿಳ್ಳ. ಹಿಂದಿಯವರೇ ನಮ್ಮಿಂದ ಒಯ್ದಿರಬಾರದೇಕೆ?

ಮೈಸೂರಿನಿಂದ:

ತೆಲುಗಿನಲ್ಲಿ ಳಕಾರ, ತಮಿಳಿನಲ್ಲಿ ಲಕಾರ. ಹೊಂದುವುದಿಲ್ಲ. ನೆಂಟಸ್ತಿಕೆ ಕಟ್ಟುವ ಮುನ್ನ ಅಕ್ಷರ ನೋಡಿ.

ಹುಬ್ಬಳ್ಳಿಯಿಂದ:

ಲ-ಳ ಜಗಳ ಆಮೇಲೆ ಆಡಿಕೊಳ್ಳಿ. ಅವರಿಗೆ ನಾಳೆ ಪ್ರಿಂಟ್ ಇದೆ.

‘ಡಮ್ಮಿ ಕನ್ನಡವಲ್ಲ’ ಅಂದವರಿಗೆ ಒಂದು ಮಾತು. ಲಾರಿಯವರು ಆಯಿಲ್ ತುಂಬಿರುವ ಕೆಳಗಿನ ತೊಟ್ಟಿಗೆ ‘ಚೇಂಬರ್’ ಅಂತಾರೆ. ಇಂಗ್ಲಿಷಿನಲ್ಲಿ ಅದು ‘ಸಂಪ್’. ನಮ್ಮಲ್ಲಿ ಸಂಪು ಅಂದರೆ ಮನೆ ಮುಂದಿನ ನೀರಿನ ತೊಟ್ಟಿ. ಸ್ಟಾರ್ಟರ್ ಮೋಟಾರಿಗೆ ‘ಸೆಲ್ಫ್’. ‘ಸೆಲ್ಫ್ ಹೊಡಿ’ ಅಂದರೆ ಇಂಗ್ಲಿಷಿನವನಿಗೆ ತಲೆಬುಡ ತಿಳಿಯಲ್ಲ. ಆಲ್ಟರ್ನೇಟರ್ ಬಂದು ಎಷ್ಟೋ ಕಾಲವಾದರೂ ‘ಡೈನಮೋ’. ‘ಸ್ಟೆಪ್ನಿ’ ತಗೊಳ್ಳಿ. ವೇಲ್ಸ್ ದೇಶದ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಹೆಚ್ಚುವರಿ ಚಕ್ರದ ಹೆಸರು. ಇಂಗ್ಲಿಷಿನವರು ಅದನ್ನು ಮರೆತೇಬಿಟ್ಟಿದ್ದಾರೆ, ನಾವು ಉಳಿಸಿಕೊಂಡಿದ್ದೇವೆ. ಇವೆಲ್ಲ ಇಂಗ್ಲಿಷ್ ಪದಗಳೇ? ಧಾತು ಅಲ್ಲಿಯದು, ಅರ್ಥ ಇಲ್ಲಿಯದು. ‘ಚಾವಿ’ ಪೋರ್ಚುಗೀಸರದ್ದು ಅಂತ ಮನೆಗೆ ಬೀಗ ಹಾಕದೆ ಬಿಡುತ್ತೀರಾ?

ಮೈಸೂರಿನಿಂದ:

ಚಾವಿ ನಿಮ್ಮ ಕಡೆಯದು. ನಮ್ಮಲ್ಲಿ ಬೀಗದ ಕೈ.

ಹುಬ್ಬಳ್ಳಿಯಿಂದ:

ಗೊತ್ತಿತ್ತು ಇದು ಬರುತ್ತೆ ಅಂತ.

ಕೇಳಿದವರಿಗೆ: ಹೆಸರು ಯಾವುದಾದರೂ ಇಡಿ, ಜೊತೆಗೆ ಏನು ನೋಡಬೇಕು ಅಂತ ಬರೆಯಿರಿ. ಅದಿಲ್ಲದ ಪಟ್ಟಿ ದಂಡ. ಕೂಲೆಂಟ್ ಬಿಟ್ಟು ಬರೀ ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಯಲ್ಲಿ ಈ ತಗಡು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಅಂಚಿನ ಕೆಳಗೆ ಕಂದು ಗೆರೆ ಇಳಿದಿದ್ದರೆ ಸೋರಿದೆ ಅಂತಲೇ ಲೆಕ್ಕ. ಬಿದ್ದುಹೋದ ಕಡೆ ಎಂ-ಸೀಲ್ ಮೆತ್ತಿ, ಇಡೀ ಬ್ಲಾಕಿಗೆ ಬಣ್ಣ ಹೊಡೆದು ಮಾರುವವರು ಇದ್ದಾರೆ. ಚಾವಿಯಿಂದ (ಬೀಗದ ಕೈಯಿಂದಲೂ ಆಗುತ್ತದೆ) ಕೆರೆದು ನೋಡಬೇಕು. ತಗಡಾದರೆ ಹೊಳೆಯುತ್ತದೆ, ಎಂ-ಸೀಲ್ ಆದರೆ ಬೂದಿ ಬಣ್ಣದ ಪುಡಿ ಉದುರುತ್ತದೆ. ಕೆಲವು ಎಂಜಿನ್ನಿನಲ್ಲಿ ಹಿಂಬದಿಗೂ ಒಂದಿರುತ್ತದೆ, ಫ್ಲೈವೀಲ್ ಮರೆಯಲ್ಲಿ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸಬೇಕು. ತಗಡಿನ ಬೆಲೆ ಏನೂ ಅಲ್ಲ, ಕೂಲಿ ಜಾಸ್ತಿ.

ಥರ್ಮೋಸ್ಟ್ಯಾಟ್ ಬಗ್ಗೆಯೂ ಒಂದು ಸಾಲು ಹಾಕಿ. ಗಾಡಿ ಬಿಸಿಯಾಗುತ್ತದೆ ಅಂತ ಯಾವನೋ ಕಿತ್ತೆಸೆದಿರುತ್ತಾನೆ. ಹೊರಗಿನಿಂದ ಕಾಣಲ್ಲ. ತಣ್ಣಗಿನ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದು ನೋಡಲಿ. ಥರ್ಮೋಸ್ಟ್ಯಾಟ್ ಇದ್ದರೆ ಹೋಸ್ ಸ್ವಲ್ಪ ಹೊತ್ತು ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಒಳಗೆ ಅದು ಇಲ್ಲ, ಅಥವಾ ಬಾಯಿ ಬಿಟ್ಟುಕೊಂಡೇ ಕೂತಿದೆ.

ಪುತ್ತೂರಿನಿಂದ:

ಇಷ್ಟು ಬರೆದಿರಿ, ಉದ್ದಕ್ಕೂ ‘ತಗಡು’ ಅಂದಿರಿ. ಒಮ್ಮೆಯೂ ‘ಡಮ್ಮಿ’ ಬರಲಿಲ್ಲ!

ದಾವಣಗೆರೆಯಿಂದ, ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ:

“ಬ್ಲಾಕಿನ ಬಿಲ್ಲೆ (ಡಮ್ಮಿ): ಎಲ್ಲ ತೂತಿನಲ್ಲೂ ಇದೆಯೇ? ಕೆಳಗೆ ಕಂದು ಗೆರೆ ಇದೆಯೇ? ಕೆರೆದಾಗ ಪುಡಿ ಉದುರುತ್ತದೆಯೇ?”

ಕಾಲಂ ಮೂರು ಮಾಡಿದ್ದೇನೆ: ‘ಇದೆ’, ‘ಇಲ್ಲ’, ‘ಬೇರೆ ಗಾಡಿಯದು’. ಮೂರನೆಯದು ಅಮೆರಿಕದ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ 1210ಗಳಿಗೆ ಬೇಕೇ ಬೇಕು. 12 ಟನ್, 100 ಅಶ್ವಶಕ್ತಿ ಅಂತ ಟಾಟಾದ ಹಳೆ ಪಾಲುದಾರ ಬೆಂಝ್ ಲೆಕ್ಕದಲ್ಲಿ ಬಂದ ಹೆಸರಂತೆ ಅದು. ಈಗ ಗುಜರಿಯ ಕೈ ದಾಟಿ ಬಂದವುಗಳಲ್ಲಿ ಯಾವುದರ ಪಂಪು ಯಾವುದಕ್ಕೆ ಕೂತಿದೆಯೋ ಹೇಳಲು ಬರುವುದಿಲ್ಲ.

ಹಾಗೆಯೇ ಇನ್ನೊಂದು ಕೇಳಿಬಿಡುತ್ತೇನೆ. ಡೀಸೆಲ್ ಫೀಡ್ ಪಂಪಿನ ಮೇಲೆ ಗಾಳಿ ತೆಗೆಯಲು ಕೈಯಿಂದ ಒತ್ತುವ ಗುಬುಟು ಇರುತ್ತದಲ್ಲ, ಅದಕ್ಕೆ ‘ಪ್ರೈಮರ್’ ಅಂತ ಬಿಡಲೇ, ‘ಕೈಪಂಪು’ ಅನ್ನಲೇ?

ಮೈಸೂರಿನಿಂದ:

‘ಪಂಪು’ ಕನ್ನಡವೇ?